ಫಾರ್ಮುಲಾ ಒನ್: ಲಗಾಮು ಯಾರ ಕೈಯಲ್ಲಿ?

ಫಾರ್ಮುಲಾ ಒನ್ ರೇಸಿನಲ್ಲಿ ಗೆದ್ದವರು ಯಾರೆಂಬುದು ಎರಡು ಗಂಟೆಯೊಳಗೆ ಇತ್ಯರ್ಥವಾಗುತ್ತದೆ. ಆ ರೇಸು ತರುವ ಹಣ ಯಾರ ಕೈ ಸೇರಬೇಕು, ನಿಯಮ ಬರೆಯುವ ಅಧಿಕಾರ ಯಾರದು, ಬರುವ ವರ್ಷ ಯಾವ ಊರಿಗೆ ರೇಸು ಉಂಟು, ಯಾವ ಊರಿಗೆ ಇಲ್ಲ ಎಂಬ ತಕರಾರು ಮಾತ್ರ 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಶುರುವಾದಾಗಿನಿಂದ ನಡೆದೇ ಇದೆ. ಈ ಎಪ್ಪತ್ತೈದು ವರ್ಷಗಳಲ್ಲಿ ಕ್ರೀಡೆಯ ಲಗಾಮು ರೇಸ್ ಆಯೋಜಕರಿಂದ ತಂಡಗಳ ಒಡೆಯರಿಗೆ, ಅವರಿಂದ ಒಬ್ಬ ವ್ಯಾಪಾರಿಗೆ, ಆ ವ್ಯಾಪಾರಿಯಿಂದ ಹೂಡಿಕೆ ಸಂಸ್ಥೆಗೆ, ಕೊನೆಗೆ ಅಮೆರಿಕದ ಮಾಧ್ಯಮ ಕಂಪನಿಯೊಂದಕ್ಕೆ ದಾಟಿದೆ. ಟಿ.ವಿ. ಪ್ರಸಾರದ ಹಕ್ಕು ಮತ್ತು ರೇಸುಗಳ ವೇಳಾಪಟ್ಟಿ ಯಾರ ವಶಕ್ಕೆ ಬಂದವೋ ಅಧಿಕಾರವೂ ಅವರ ಬೆನ್ನುಹತ್ತಿ ಹೋಗಿದೆ.

ನಾಲ್ಕು ಪಾಲುದಾರರು

ಈ ಉದ್ಯಮದಲ್ಲಿ ನಾಲ್ಕು ಪಕ್ಷಗಳಿವೆ. ಮೊದಲನೆಯದು ಎಫ್‌ಐಎ, ಅಂದರೆ ಪ್ಯಾರಿಸ್‌ನಲ್ಲಿರುವ ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ. ಕಾರಿನ ಅಳತೆ, ಎಂಜಿನ್, ಸುರಕ್ಷತೆ, ಶಿಕ್ಷೆ ಇವೆಲ್ಲದರ ನಿಯಮ ಅದರದು. ಎರಡನೆಯದು ವಾಣಿಜ್ಯ ಹಕ್ಕುಗಳ ಒಡೆತನ ಹೊಂದಿರುವ ಕಂಪನಿ. ಪ್ರಸಾರ, ಜಾಹೀರಾತು, ರೇಸು ನಡೆಸುವ ಅನುಮತಿ ಇವನ್ನು ಮಾರುವುದು ಅದರ ಕೆಲಸ. ಮೂರನೆಯದು ಕಾರು ಕಟ್ಟಿ ಓಡಿಸುವ ತಂಡಗಳು. ನಾಲ್ಕನೆಯದು ತಮ್ಮ ಊರಿನಲ್ಲಿ ರೇಸು ನಡೆಸಲು ಹಣ ಕೊಡುವ ಸ್ಥಳೀಯ ಆಯೋಜಕರು. ಬಹುಪಾಲು ಕಡೆ ಈ ಆಯೋಜಕರ ಬೆನ್ನಿಗೆ ಸರ್ಕಾರವೇ ನಿಂತಿರುತ್ತದೆ. ಎಫ್‌ಐಎ, ವಾಣಿಜ್ಯ ಕಂಪನಿ ಮತ್ತು ತಂಡಗಳನ್ನು ಕಟ್ಟಿಹಾಕುವ ಕರಾರಿಗೆ ಕಾಂಕಾರ್ಡ್ ಒಪ್ಪಂದ ಎಂದು ಹೆಸರು. ಎಫ್‌ಐಎ ಕಚೇರಿ ಇರುವ ಪ್ಯಾರಿಸ್ಸಿನ ಪ್ಲಾಸ್ ದ ಲಾ ಕಾಂಕಾರ್ಡ್ ಚೌಕದಿಂದ ಆ ಹೆಸರು ಬಂದಿದೆ. ಕೆಲವು ವರ್ಷಗಳಿಗೊಮ್ಮೆ ಅದರ ಅವಧಿ ಮುಗಿಯುತ್ತದೆ. ಆಗೆಲ್ಲ ಚೌಕಾಸಿ ಹೊಸದಾಗಿ ಶುರುವಾಗುತ್ತದೆ.

ಆಯೋಜಕರ ಕಾಲ

1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಚಾಂಪಿಯನ್‌ಷಿಪ್‌ನ ಮೊದಲ ರೇಸು ನಡೆದಾಗ ಹಣದ ಚೀಲ ಇದ್ದದ್ದು ಆಯೋಜಕರ ಕೈಯಲ್ಲಿ. ಟಿಕೆಟ್ ಮಾರಿ ಬಂದದ್ದರಲ್ಲಿ ಅವರು ಒಂದೊಂದು ತಂಡದೊಂದಿಗೂ ಬೇರೆ ಬೇರೆಯಾಗಿ ಮಾತಾಡಿ, ರೇಸಿಗೆ ಬಂದು ನಿಂತದ್ದಕ್ಕೆಂದು ಇಷ್ಟು ಹಣ ಕೊಡುತ್ತಿದ್ದರು. ಹೆಸರಾಂತ ತಂಡಕ್ಕೆ ಹೆಚ್ಚು, ಸಣ್ಣ ತಂಡಕ್ಕೆ ಚಿಲ್ಲರೆ. ಈ ಹಣದ ವಿಚಾರದಲ್ಲಿ ಹೊಂದಾಣಿಕೆಯಾಗದೆ ಫೆರಾರಿ ತಂಡ ಆ ಮೊದಲ ರೇಸಿಗೇ ಬರಲಿಲ್ಲ ಎಂದು ಹೇಳಲಾಗುತ್ತದೆ.

ಕಾರಿನ ಖರ್ಚು ಕಾರ್ಖಾನೆಗಳದ್ದೇ. ಆಲ್ಫಾ ರೋಮಿಯೊ, ಮರ್ಸಿಡಿಸ್‌ನಂಥ ಕಂಪನಿಗಳು ತಮ್ಮ ಹೆಸರು ಬೆಳೆಯಲೆಂದು ಬಂದವು, ಸಾಕೆನಿಸಿದಾಗ ಹೋದವು. ಆಲ್ಫಾ 1951ರ ನಂತರ, ಮರ್ಸಿಡಿಸ್ 1955ರ ನಂತರ ಹಿಂದೆ ಸರಿದವು. ಕಾರು ಕಂಪನಿಯ ಆಡಳಿತ ಮಂಡಳಿ ಒಂದು ಸಭೆಯಲ್ಲಿ ತೀರ್ಮಾನಿಸಿದರೆ ತಂಡವೇ ಇಲ್ಲವಾಗುತ್ತದೆ ಎಂಬ ಭಯ ಈ ಕ್ರೀಡೆಗೆ ಅಂದೇ ಅಂಟಿತು. ಇಂದಿಗೂ ಅದು ಬಿಟ್ಟುಹೋಗಿಲ್ಲ.

ಸಿಗರೇಟಿನ ಹಣ, ಕೊಂಡುಕೊಳ್ಳುವ ಎಂಜಿನ್

ಈ ವ್ಯವಸ್ಥೆಯನ್ನು ಬುಡಮೇಲು ಮಾಡಿದ ಎರಡು ಸಂಗತಿಗಳು 1960ರ ದಶಕದ ಕೊನೆಯಲ್ಲಿ ಒಂದರ ಹಿಂದೊಂದು ನಡೆದವು. ಲೋಟಸ್ ತಂಡದ ಒಡೆಯ ಕಾಲಿನ್ ಚಾಪ್‌ಮನ್ ಅವರ ಒತ್ತಾಯಕ್ಕೆ ಫೋರ್ಡ್ ಕಂಪನಿ ಒಂದು ಲಕ್ಷ ಪೌಂಡ್ ಹಾಕಿತು. ಆ ಹಣದಲ್ಲಿ ಕೀತ್ ಡಕ್‌ವರ್ತ್ ರೂಪಿಸಿದ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ 1967ರಲ್ಲಿ ನೆದರ್ಲೆಂಡ್ಸ್‌ನ ಜಾಂಡ್‌ವೂರ್ಟ್‌ನಲ್ಲಿ ತನ್ನ ಮೊದಲ ರೇಸನ್ನೇ ಗೆದ್ದಿತು. ಮರುವರ್ಷದಿಂದ ಅದನ್ನು ಬೇರೆ ತಂಡಗಳಿಗೂ ಮಾರಲಾಯಿತು. ಸ್ವಂತ ಎಂಜಿನ್ ಕಾರ್ಖಾನೆ ಇಲ್ಲದ ಬ್ರಿಟನ್ನಿನ ಸಣ್ಣ ವರ್ಕ್‌ಷಾಪ್‌ಗಳು ಎಂಜಿನ್ ಕೊಂಡು ತಂದು, ಚಾಸಿ ತಾವೇ ಕಟ್ಟಿ, ಫೆರಾರಿಯನ್ನು ಸೋಲಿಸುವಂತಾಯಿತು. ಆ ಎಂಜಿನ್ನಿಗೆ ಒಟ್ಟು 155 ಗೆಲುವು ದಕ್ಕಿತು.

ಎರಡನೆಯದು ಜಾಹೀರಾತು. 1968ರಲ್ಲಿ ಕಾರಿನ ಮೈಮೇಲೆ ಪ್ರಾಯೋಜಕರ ಬಣ್ಣ ಬಳಿಯಲು ಅನುಮತಿ ಸಿಕ್ಕಿತು. ಅಲ್ಲಿಯವರೆಗೆ ಬ್ರಿಟನ್ನಿನ ಕಾರುಗಳಿಗೆ ಹಸಿರು, ಇಟಲಿಯವಕ್ಕೆ ಕೆಂಪು, ಫ್ರಾನ್ಸಿನವಕ್ಕೆ ನೀಲಿ ಎಂಬ ಪದ್ಧತಿಯಿತ್ತು. ಲೋಟಸ್ ತನ್ನ ಹಸಿರನ್ನು ಅಳಿಸಿ ಗೋಲ್ಡ್ ಲೀಫ್ ಸಿಗರೇಟ್ ಪ್ಯಾಕಿನ ಕೆಂಪು, ಬಿಳಿ, ಚಿನ್ನದ ಬಣ್ಣ ಬಳಿದುಕೊಂಡಿತು. ಹಿಂದೆಯೇ ಮಾರ್ಲ್‌ಬೊರೊ, ಜಾನ್ ಪ್ಲೇಯರ್, ಮುಂದೆ ಬೆನ್ಸನ್ ಆ್ಯಂಡ್ ಹೆಡ್ಜಸ್ ಬಂದವು. ಟಿ.ವಿ.ಯಲ್ಲಿ ನೇರವಾಗಿ ಸಿಗರೇಟಿನ ಜಾಹೀರಾತು ಕೊಡಲು ಒಂದೊಂದೇ ದೇಶದಲ್ಲಿ ನಿಷೇಧ ಬೀಳುತ್ತಿದ್ದ ಕಾಲ ಅದು. ಓಡುವ ಕಾರಿನ ಮೇಲಿನ ಹೆಸರು ಆ ನಿಷೇಧವನ್ನು ದಾಟಿ ಮನೆಮನೆಗೆ ಹೋಗುತ್ತಿತ್ತು. ಯುರೋಪಿನಲ್ಲಿ ತಂಬಾಕು ಪ್ರಾಯೋಜಕತ್ವಕ್ಕೆ 2005ರಲ್ಲಿ ಪೂರ್ಣ ನಿಷೇಧ ಬರುವವರೆಗೂ ಫಾರ್ಮುಲಾ ಒನ್‌ನ ಹೊಟ್ಟೆ ತುಂಬಿಸಿದ್ದು ಹೆಚ್ಚಾಗಿ ಈ ಹಣವೇ. ಜನರ ಆರೋಗ್ಯ ಕೆಡಿಸುವ ಸರಕಿನ ಮೇಲೆ ಒಂದು ಕ್ರೀಡೆ ಮೂರೂವರೆ ದಶಕ ಬೆಳೆಯಿತು ಎಂಬುದನ್ನು ಮರೆಯುವಂತಿಲ್ಲ.

ಎಕ್ಲಸ್ಟೋನ್ ಕಂಡ ದಾರಿ

ತಂಡಗಳಿಗೆ ಹಣ ಬಂತು, ಆದರೆ ಒಗ್ಗಟ್ಟಿರಲಿಲ್ಲ. ಅದನ್ನು ಕಟ್ಟಿದವರು ಬರ್ನಿ ಎಕ್ಲಸ್ಟೋನ್. ಮೀನುಗಾರಿಕೆ ದೋಣಿ ನಡೆಸುತ್ತಿದ್ದವರ ಮಗನಾದ ಅವರು ಸೆಕೆಂಡ್‌ಹ್ಯಾಂಡ್ ಮೋಟಾರ್‌ಬೈಕ್ ವ್ಯಾಪಾರದಲ್ಲಿ ಪಳಗಿದ್ದರು. 1970ರ ದಶಕದ ಆರಂಭದಲ್ಲಿ ಬ್ರಾಬಮ್ ತಂಡವನ್ನು ಕೊಂಡ ಅವರಿಗೆ ಒಂದು ವಿಷಯ ಬೇಗ ಹೊಳೆಯಿತು: ತಂಡಗಳು ಬಿಡಿಬಿಡಿಯಾಗಿ ಆಯೋಜಕರ ಬಾಗಿಲು ತಟ್ಟಿದರೆ ಕೈ ಸೋಲುತ್ತದೆ, ಒಟ್ಟಾಗಿ ಹೋದರೆ ಕೈ ಮೇಲಾಗುತ್ತದೆ. ಹಾಗೆ 1974ರಲ್ಲಿ ತಂಡಗಳ ಸಂಘ ‘ಫೋಕಾ’ ರೂಪುಗೊಂಡಿತು. ವಕೀಲ ಮ್ಯಾಕ್ಸ್ ಮೋಸ್ಲೆ ಅದರ ಕಾನೂನಿನ ಬಲವಾದರು. ‘ಇಷ್ಟು ಕಾರುಗಳು ಖಂಡಿತ ಬರುತ್ತವೆ, ಒಟ್ಟು ಇಷ್ಟು ಕೊಡಿ’ ಎಂದು ಎಕ್ಲಸ್ಟೋನ್ ಎಲ್ಲ ತಂಡಗಳ ಪರವಾಗಿ ಆಯೋಜಕರ ಜತೆ ವ್ಯವಹಾರ ಕುದುರಿಸತೊಡಗಿದರು.

ಇದರಿಂದ ಕೆರಳಿದವರು ಎಫ್‌ಐಎಯ ಕ್ರೀಡಾ ವಿಭಾಗ ‘ಫೀಸಾ’ದ ಮುಖ್ಯಸ್ಥ ಜಾನ್ ಮರಿ ಬಲೆಸ್ತ್ರ್. ಫೆರಾರಿ, ರೆನೊ, ಆಲ್ಫಾ ರೋಮಿಯೊ ಅವರ ಕಡೆ ನಿಂತವು, ಬ್ರಿಟನ್ನಿನ ತಂಡಗಳು ಎಕ್ಲಸ್ಟೋನ್ ಕಡೆ. ಹೊರಗೆ ಕಾರಿನ ಅಡಿಯಲ್ಲಿ ನೆಲಕ್ಕೆ ತಾಗುವ ಸ್ಕರ್ಟ್ ಎಂಬ ಪಟ್ಟಿಗಳ ತಾಂತ್ರಿಕ ವಿವಾದ, ಒಳಗೆ ಹಣದ ಜಗಳ. 1980ರಲ್ಲಿ ಸ್ಪೇನ್‌ನ ಹರಾಮಾದಲ್ಲಿ ಓಡಿದ ರೇಸಿನ ಅಂಕಗಳು ಲೆಕ್ಕಕ್ಕೇ ಬರಲಿಲ್ಲ. 1981ರ ಆರಂಭದಲ್ಲಿ ದಕ್ಷಿಣ ಆಫ್ರಿಕಾದಲ್ಲೂ ಅದೇ ಆಯಿತು. ಪ್ರಾಯೋಜಕರು ಗೊಣಗತೊಡಗಿದ ಮೇಲೆ ಇಬ್ಬರಿಗೂ ಬಿಸಿ ಮುಟ್ಟಿತು. 1981ರ ಮಾರ್ಚ್‌ನಲ್ಲಿ ಮೊದಲ ಕಾಂಕಾರ್ಡ್ ಒಪ್ಪಂದಕ್ಕೆ ಸಹಿ ಬಿದ್ದಿತು. ನಿಯಮ ಬರೆಯುವ ಹಕ್ಕು ಎಫ್‌ಐಎಗೆ, ಟಿ.ವಿ. ಹಕ್ಕು ಮಾರುವ ಅಧಿಕಾರ ಫೋಕಾಗೆ ಎಂಬುದು ಅದರ ಸಾರ. ಟಿ.ವಿ. ಹಣ ಆಗ ಹೇಳಿಕೊಳ್ಳುವಷ್ಟಿರಲಿಲ್ಲ, ಆದ್ದರಿಂದ ಎಫ್‌ಐಎಗೆ ಕಳೆದುಕೊಂಡದ್ದು ದೊಡ್ಡದೆನಿಸಲಿಲ್ಲ. 1987ರ ಒಪ್ಪಂದದಲ್ಲಿ ಟಿ.ವಿ. ಆದಾಯದ ಶೇ 47ರಷ್ಟು ತಂಡಗಳಿಗೆ, ಶೇ 30ರಷ್ಟು ಎಫ್‌ಐಎಗೆ, ಉಳಿದ ಶೇ 23ರಷ್ಟು ಎಕ್ಲಸ್ಟೋನ್ ಅವರ ಸಂಸ್ಥೆಗೆ ಎಂದು ಹಂಚಿಕೆಯಾಯಿತು. ತಂಡಗಳ ವಕ್ತಾರರಾಗಿದ್ದವರು ಈ ಹೊತ್ತಿಗೆ ತಾವೇ ಪಾಲುದಾರರಾಗಿದ್ದರು.

ನೂರು ವರ್ಷದ ಗುತ್ತಿಗೆ

1990ರ ದಶಕದಲ್ಲಿ ಮೋಸ್ಲೆ ಎಫ್‌ಐಎ ಅಧ್ಯಕ್ಷರಾದರು. ಒಂದು ಕಾಲದಲ್ಲಿ ಮೇಜಿನ ಒಂದೇ ಬದಿಯಲ್ಲಿ ಕೂತಿದ್ದ ಇಬ್ಬರು ಈಗ ಎರಡು ಬದಿಗಳಲ್ಲಿ ಕೂತರು. ಒಬ್ಬರು ನಿಯಮದ ಯಜಮಾನ, ಇನ್ನೊಬ್ಬರು ವ್ಯಾಪಾರದ ಯಜಮಾನ. 1990ರ ದಶಕದ ನಡುವೆ ವಾಣಿಜ್ಯ ಹಕ್ಕುಗಳು ತಂಡಗಳ ಸಂಘವನ್ನು ಬದಿಗಿರಿಸಿ ನೇರವಾಗಿ ಎಕ್ಲಸ್ಟೋನ್ ಕಂಪನಿಗೆ ಹೋದಾಗ ವಿಲಿಯಮ್ಸ್, ಮೆಕ್ಲಾರೆನ್, ಟಿರೆಲ್ ತಂಡಗಳು ಹೊಸ ಒಪ್ಪಂದಕ್ಕೆ ಸಹಿ ಹಾಕಲು ಮೊದಲಿಗೆ ನಿರಾಕರಿಸಿದವು. ತಾವು ಬೆಳೆಸಿದ ಮರದ ಹಣ್ಣು ಬೇರೆಯವರ ಬುಟ್ಟಿಗೆ ಬೀಳುತ್ತಿರುವುದು ಅವಕ್ಕೆ ಅರಿವಾದಾಗ ಹೊತ್ತು ಮೀರಿತ್ತು.

ಯುರೋಪಿಯನ್ ಕಮಿಷನ್ ಕೂಡ ಪ್ರಶ್ನೆ ಎತ್ತಿತು. ನಿಯಮ ಬರೆಯುವ ಸಂಸ್ಥೆಯೇ ವ್ಯಾಪಾರದಲ್ಲೂ ಪಾಲು ಹೊಂದಿದ್ದರೆ ಬೇರೆ ರೇಸುಗಳಿಗೆ ಅನ್ಯಾಯವಾಗುತ್ತದೆ ಎಂಬುದು ಅದರ ವಾದ. ಎರಡನ್ನೂ ಬೇರ್ಪಡಿಸುವ ಇತ್ಯರ್ಥದ ಹೊತ್ತಿನಲ್ಲಿ, 2001ರಲ್ಲಿ, ಎಫ್‌ಐಎ ವಾಣಿಜ್ಯ ಹಕ್ಕುಗಳನ್ನು 2011ರಿಂದ 2110ರವರೆಗೆ, ಪೂರಾ ನೂರು ವರ್ಷ, ಎಕ್ಲಸ್ಟೋನ್ ಸ್ಥಾಪಿಸಿದ ಕಂಪನಿ ಸಮೂಹಕ್ಕೆ ಗುತ್ತಿಗೆ ಕೊಟ್ಟಿತು. ಅದಕ್ಕೆ ಬಂದದ್ದು ಸುಮಾರು 31 ಕೋಟಿ ಡಾಲರ್. ವರ್ಷಕ್ಕೆ 31 ಲಕ್ಷ ಡಾಲರ್ ಎಂದಾಯಿತು. ಕ್ರೀಡಾ ಆಡಳಿತದ ಚರಿತ್ರೆಯಲ್ಲಿ ಇಷ್ಟು ಅಗ್ಗಕ್ಕೆ ಕೈಬಿಟ್ಟ ಆಸ್ತಿ ಮತ್ತೊಂದು ಸಿಗುವುದು ಕಷ್ಟ.

ಈ ಸಮೂಹದ ಷೇರುಗಳು ಜರ್ಮನಿಯ ಮಾಧ್ಯಮ ಕಂಪನಿಗಳಿಗೆ, ಅವು ಮುಳುಗಿದಾಗ ಸಾಲ ಕೊಟ್ಟಿದ್ದ ಬ್ಯಾಂಕುಗಳಿಗೆ, ಅಲ್ಲಿಂದ 2006ರ ಹೊತ್ತಿಗೆ ಸಿವಿಸಿ ಎಂಬ ಹೂಡಿಕೆ ಸಂಸ್ಥೆಗೆ ದಾಟಿದವು. ಕೊಂಡವರು ಬದಲಾದರೂ ನಡೆಸುವವರು ಎಕ್ಲಸ್ಟೋನ್ ಆಗಿಯೇ ಉಳಿದರು. ಬ್ಯಾಂಕು ತನ್ನ ಕೈಲಿದ್ದ ಈ ಷೇರುಗಳನ್ನು ಸಿವಿಸಿಗೆ ಮಾರಿದ ವ್ಯವಹಾರದಲ್ಲಿ ಲಂಚ ಪಡೆದದ್ದಕ್ಕೆ ಜರ್ಮನಿಯ ಬ್ಯಾಂಕ್ ಅಧಿಕಾರಿಯೊಬ್ಬರಿಗೆ 2012ರಲ್ಲಿ ಎಂಟೂವರೆ ವರ್ಷ ಜೈಲಾಯಿತು. ಅದೇ ವ್ಯವಹಾರದ ಬಗ್ಗೆ ಎಕ್ಲಸ್ಟೋನ್ ವಿರುದ್ಧ ಮ್ಯೂನಿಕ್‌ನಲ್ಲಿ ನಡೆದ ಮೊಕದ್ದಮೆ, ಅವರು ಹತ್ತು ಕೋಟಿ ಡಾಲರ್ ಕಟ್ಟಿದ ಮೇಲೆ 2014ರಲ್ಲಿ ತೀರ್ಪಿಲ್ಲದೆ ಮುಕ್ತಾಯವಾಯಿತು.

ಒಂದು ರೇಸಿನ ಜಮಾ-ಖರ್ಚು: ಗ್ರೇಟರ್ ನೋಯ್ಡಾ

ಹಣ ಹೇಗೆ ಹರಿಯುತ್ತದೆ ಎಂಬುದನ್ನು ಭಾರತದ ಅನುಭವವೇ ಚೆನ್ನಾಗಿ ತೋರಿಸುತ್ತದೆ. ಜೇಪಿ ಸಮೂಹ ಗ್ರೇಟರ್ ನೋಯ್ಡಾದಲ್ಲಿ ಕಟ್ಟಿದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ 2011ರ ಅಕ್ಟೋಬರ್ 30ರಂದು ದೇಶದ ಮೊದಲ ಗ್ರ್ಯಾನ್ ಪ್ರಿ ನಡೆಯಿತು. ಟ್ರ್ಯಾಕ್ ಕಟ್ಟುವ ಖರ್ಚು ಜೇಪಿಯದು. ರೇಸು ನಡೆಸುವ ಹಕ್ಕಿಗೆ ನಾಲ್ಕು ಕೋಟಿ ಡಾಲರ್ ಕೊಡಬೇಕೆಂಬ ಕರಾರಿಗೆ ಅದು ಸಹಿ ಹಾಕಿತ್ತು. ಆದರೆ ಆ ರೇಸಿನ ಟಿ.ವಿ. ಚಿತ್ರಣ, ಶೀರ್ಷಿಕೆ ಪ್ರಾಯೋಜಕತ್ವ, ತಂಡಗಳು ಬೀಡುಬಿಡುವ ಪ್ಯಾಡಕ್‌ನ ದುಬಾರಿ ಆತಿಥ್ಯ ಇವೆಲ್ಲ ಕರಾರಿನ ಮೂಲಕವೇ ಫಾರ್ಮುಲಾ ಒನ್ ಸಮೂಹದ ಬೇರೆ ಬೇರೆ ಕಂಪನಿಗಳಿಗೆ ಮರಳಿ ಹೋಗಿದ್ದವು. ಆಯೋಜಕರ ಪಾಲಿಗೆ ಮುಖ್ಯವಾಗಿ ಉಳಿದದ್ದು ಟಿಕೆಟ್ ಹಣ.

ಇದು ಭಾರತಕ್ಕೆಂದೇ ಮಾಡಿದ ಕರಾರಲ್ಲ. ಜಗತ್ತಿನಾದ್ಯಂತ ಹೆಚ್ಚುಕಡಿಮೆ ಇದೇ ಪದ್ಧತಿ. ಟಿಕೆಟ್ ಹಣದಲ್ಲಿ ಇಂಥ ಶುಲ್ಕ ತೀರಿಸುವುದು ದುಸ್ತರ. ಆದ್ದರಿಂದ ರೇಸು ಉಳಿದುಕೊಂಡಿರುವ ಬಹುಪಾಲು ಕಡೆ ಅದರ ಹಿಂದೆ ಸರ್ಕಾರದ ಖಜಾನೆ ಇರುತ್ತದೆ. ಭಾರತದಲ್ಲಿ ಸರ್ಕಾರ ಹಣ ಹಾಕಲಿಲ್ಲ. ಇದು ಕ್ರೀಡೆಯೋ ಮನರಂಜನೆಯೋ ಎಂಬ ಪ್ರಶ್ನೆಯೆದ್ದು ಸುಂಕ ಮತ್ತು ಮನರಂಜನಾ ತೆರಿಗೆಯ ವಿವಾದ ಕೋರ್ಟಿನ ಮೆಟ್ಟಿಲೇರಿತು. ಮೂರು ವರ್ಷ ರೇಸು ನಡೆದು, ಮೂರನ್ನೂ ಸೆಬಾಸ್ಟಿಯನ್ ವೆಟೆಲ್ ಗೆದ್ದು, 2013ಕ್ಕೆ ಕತೆ ಮುಗಿಯಿತು. 2017ರಲ್ಲಿ ಸುಪ್ರೀಂ ಕೋರ್ಟ್ ಇದೇ ಕರಾರುಗಳನ್ನು ಬಿಡಿಸಿ ಓದಿತು. ರೇಸಿನ ದಿನಗಳಲ್ಲಿ ಸರ್ಕ್ಯೂಟ್‌ನ ನಿಜವಾದ ಹಿಡಿತ ವಿದೇಶಿ ಕಂಪನಿಯದ್ದೇ ಆಗಿತ್ತು, ಹಾಗಾಗಿ ಇಲ್ಲಿ ಗಳಿಸಿದ್ದಕ್ಕೆ ಅದು ಇಲ್ಲಿ ತೆರಿಗೆ ಕಟ್ಟಬೇಕು ಎಂದು ತೀರ್ಪಿತ್ತಿತು. ಊರವರು ಕಟ್ಟಿದ ಟ್ರ್ಯಾಕಿನಲ್ಲಿ ಯಜಮಾನಿಕೆ ಯಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಒಂದು ಕಾರ್ಖಾನೆ, ಆರು ಹೆಸರು

ತಂಡಗಳ ಒಡೆತನ ಹೇಗೆ ಕೈ ಬದಲಾಯಿಸುತ್ತದೆ ಎಂಬುದಕ್ಕೆ ಸಿಲ್ವರ್‌ಸ್ಟೋನ್ ಸರ್ಕ್ಯೂಟ್ ಎದುರಿನ ಒಂದು ಕಾರ್ಖಾನೆಯನ್ನು ನೋಡಬೇಕು. ಐರ್ಲೆಂಡಿನ ಎಡ್ಡಿ ಜೋರ್ಡನ್ 1991ರಲ್ಲಿ ಶುರುಮಾಡಿದ ತಂಡದ್ದು ಅದು. ಮೈಕೆಲ್ ಶೂಮಾಕರ್ ಮೊದಲ ಸಲ ಫಾರ್ಮುಲಾ ಒನ್ ಓಡಿಸಿದ್ದು ಆ ತಂಡದ ಕಾರನ್ನೇ. ಒಂದೇ ರೇಸಿನ ನಂತರ ಹೆಚ್ಚು ಬಲದ ಬೆನೆಟನ್ ಅವರನ್ನು ಸೆಳೆದುಕೊಂಡಿತು. ಸಿಗರೇಟ್ ಕಂಪನಿಯ ಹಣವಿದ್ದಷ್ಟು ಕಾಲ ಜೋರ್ಡನ್ ಗೆಲುವನ್ನೂ ಕಂಡಿತು. ಆ ಹಣ ಬತ್ತತೊಡಗಿದಾಗ 2005ರಲ್ಲಿ ತಂಡ ಮಾರಾಟವಾಗಿ, ಮರುವರ್ಷ ಮಿಡ್‌ಲ್ಯಾಂಡ್ ಎಂದಾಯಿತು, ಅದೇ ವರ್ಷ ಡಚ್ ಕಾರು ಕಂಪನಿ ಸ್ಪೈಕರ್‌ನ ಪಾಲಾಯಿತು.

2007ರ ಅಕ್ಟೋಬರ್‌ನಲ್ಲಿ ಅದನ್ನು 8.8 ಕೋಟಿ ಯೂರೋಗೆ ಕೊಂಡದ್ದು ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ ಮತ್ತು ಅವರ ಡಚ್ ಪಾಲುದಾರ. ಹೆಸರು ಫೋರ್ಸ್ ಇಂಡಿಯಾ ಎಂದಾಯಿತು. ಬೆಂಗಳೂರಿನ ಹಣ, ಇಂಗ್ಲೆಂಡಿನ ಎಂಜಿನಿಯರುಗಳು, ಕಾರಿನ ಮೇಲೆ ಕೇಸರಿ, ಬಿಳಿ, ಹಸಿರು. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಜಾನ್‌ಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಮುಗಿಸಿದರು. 2011ರಲ್ಲಿ ಸಹಾರಾ ಸಮೂಹ ಹತ್ತು ಕೋಟಿ ಡಾಲರ್ ಹೂಡಿ ಶೇ 42.5ರ ಪಾಲು ಪಡೆಯಿತು. ಮುಂದೆ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್ ನೆಲಕಚ್ಚಿತು, ಸಹಾರಾ ಮುಖ್ಯಸ್ಥರು 2014ರಲ್ಲಿ ಜೈಲು ಸೇರಿದರು, ಸಾಲದ ಪ್ರಕರಣಗಳ ನಡುವೆ ಮಲ್ಯ 2016ರಲ್ಲಿ ದೇಶ ಬಿಟ್ಟರು. ಅಚ್ಚರಿಯೆಂದರೆ ತಂಡ ಟ್ರ್ಯಾಕ್‌ನಲ್ಲಿ ಅತ್ಯುತ್ತಮವಾಗಿ ಓಡಿದ್ದು ಇದೇ ವರ್ಷಗಳಲ್ಲಿ. 2016 ಮತ್ತು 2017ರಲ್ಲಿ, ತನಗಿಂತ ಹಲವು ಪಟ್ಟು ಖರ್ಚು ಮಾಡುವ ತಂಡಗಳ ನಡುವೆ, ಅದು ನಾಲ್ಕನೇ ಸ್ಥಾನ ಗಳಿಸಿತು.

ಅಷ್ಟಾದರೂ ಬಹುಮಾನದ ಹಣದಲ್ಲಿ ಅದಕ್ಕೆ ನ್ಯಾಯ ಸಿಗಲಿಲ್ಲ. ಫೆರಾರಿ, ರೆಡ್ ಬುಲ್, ಮರ್ಸಿಡಿಸ್, ಮೆಕ್ಲಾರೆನ್‌ಗಳಿಗೆ ಗೆದ್ದರೂ ಸೋತರೂ ಸಿಗುವ ವಿಶೇಷ ಪಾಲು ಆಗ ಪ್ರತ್ಯೇಕ ಒಪ್ಪಂದಗಳಲ್ಲಿತ್ತು. ಇದು ಅನ್ಯಾಯವೆಂದು ಫೋರ್ಸ್ ಇಂಡಿಯಾ ಮತ್ತು ಸೌಬರ್ ತಂಡಗಳು 2015ರಲ್ಲಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿದ್ದವು. 2018ರ ಜುಲೈನಲ್ಲಿ ತಂಡ ದಿವಾಳಿ ಪ್ರಕ್ರಿಯೆಗೆ ಬಿದ್ದಿತು. ಅದಕ್ಕೆ ಅರ್ಜಿ ಹಾಕಿದವರಲ್ಲಿ ಸಂಬಳ ಬಾಕಿಯಿದ್ದ ಅದರದೇ ಚಾಲಕ ಸೆರ್ಜಿಯೊ ಪೆರೆಜ್ ಕೂಡ ಇದ್ದರು. ಹಾಗೆ ಮಾಡದಿದ್ದರೆ ಕಾರ್ಖಾನೆ ಬಾಗಿಲು ಹಾಕಿ ನಾಲ್ಕು ನೂರಕ್ಕೂ ಹೆಚ್ಚು ಜನರ ಕೆಲಸ ಹೋಗುತ್ತಿತ್ತು ಎಂಬುದು ಅವರ ವಾದವಾಗಿತ್ತು. ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಗುಂಪು ಅದನ್ನು ಕೊಂಡಿತು. ಹೊಸ ಒಡೆತನದ ಕಾರಣಕ್ಕೆ ಅಲ್ಲಿಯವರೆಗೆ ಗಳಿಸಿದ್ದ 59 ಅಂಕಗಳು ಅಳಿಸಿಹೋಗಿ, ತಂಡ ಸೊನ್ನೆಯಿಂದ ಶುರುಮಾಡಿತು. ಮೊದಲು ರೇಸಿಂಗ್ ಪಾಯಿಂಟ್ ಎಂದು ಓಡಿ, 2021ರಿಂದ ಆಸ್ಟನ್ ಮಾರ್ಟಿನ್ ಹೆಸರಿನಲ್ಲಿ ಓಡುತ್ತಿದೆ. ಹಳೆಯ ಕಾರ್ಖಾನೆಯ ಪಕ್ಕದಲ್ಲೇ ಈಗ ಭವ್ಯ ಕಟ್ಟಡ ಎದ್ದಿದೆ.

ಒಂದು ಪೌಂಡಿನ ತಂಡ

ತಂಬಾಕಿನ ಹಣ ಹಿಂದೆ ಸರಿದಾಗ ಆ ಜಾಗ ತುಂಬಿದ್ದು ಕಾರು ಕಂಪನಿಗಳು. ಟೊಯೊಟಾ, ಹೊಂಡಾ, ಬಿಎಂಡಬ್ಲ್ಯು, ರೆನೊ ಸುರಿದ ಹಣಕ್ಕೆ ಲೆಕ್ಕವಿರಲಿಲ್ಲ. 2008ರ ಆರ್ಥಿಕ ಕುಸಿತ ಬಂದದ್ದೇ ತಡ, ಆ ವರ್ಷದ ಡಿಸೆಂಬರ್‌ನಲ್ಲಿ ಹೊಂಡಾ, ಮರುವರ್ಷ ಬಿಎಂಡಬ್ಲ್ಯು ಮತ್ತು ಟೊಯೊಟಾ ಗಂಟುಮೂಟೆ ಕಟ್ಟಿದವು. ಹೊಂಡಾ ತಂಡವನ್ನು ಅದರ ಮುಖ್ಯಸ್ಥ ರಾಸ್ ಬ್ರಾನ್ ಒಂದು ಪೌಂಡಿಗೆ ಕೊಂಡರು. ಬ್ರಾನ್ ಜಿಪಿ ಹೆಸರಿನಲ್ಲಿ ಅದು 2009ರಲ್ಲಿ ಚಾಲಕರ ಮತ್ತು ತಂಡಗಳ ಎರಡೂ ಪ್ರಶಸ್ತಿಗಳನ್ನು ಗೆದ್ದಿತು, ಜೆನ್ಸನ್ ಬಟನ್ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಮೋಸ್ಲೆ ನಾಲ್ಕು ಕೋಟಿ ಪೌಂಡ್‌ಗಳ ಖರ್ಚಿನ ಮಿತಿ ಹೇರಹೊರಟಾಗ ಎಂಟು ತಂಡಗಳು ಬೇರೆ ಚಾಂಪಿಯನ್‌ಷಿಪ್ ಶುರುಮಾಡುತ್ತೇವೆಂದು ಬೆದರಿಸಿದವು. ಕೆಲವೇ ದಿನಗಳಲ್ಲಿ ರಾಜಿಯಾಯಿತು. ಮಿತಿಯ ಯೋಜನೆ ಬಿದ್ದುಹೋಯಿತು, ಮೋಸ್ಲೆ ಮತ್ತೆ ಸ್ಪರ್ಧಿಸದೆ ಅಧ್ಯಕ್ಷಗಿರಿ ಬಿಟ್ಟರು. ಅಗ್ಗದ ರೇಸಿನ ಭರವಸೆ ನಂಬಿ 2010ರಲ್ಲಿ ಬಂದಿದ್ದ ಮೂರು ಹೊಸ ತಂಡಗಳೂ ಒಂದೊಂದಾಗಿ ಮುಚ್ಚಿದವು.

ಲಿಬರ್ಟಿ ಬಂದ ಮೇಲೆ

2017ರ ಜನವರಿಯಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ, ಸಾಲವೂ ಸೇರಿ 800 ಕೋಟಿ ಡಾಲರ್ ಮೌಲ್ಯಕ್ಕೆ ಫಾರ್ಮುಲಾ ಒನ್ ಅನ್ನು ಸಿವಿಸಿಯಿಂದ ಕೊಂಡಿತು. 31 ಕೋಟಿಗೆ ಗುತ್ತಿಗೆ ಹೋಗಿದ್ದ ಹಕ್ಕಿನ ಬೆಲೆ ಅದು. ನಾಲ್ಕು ದಶಕ ಯಜಮಾನಿಕೆ ನಡೆಸಿದ ಎಕ್ಲಸ್ಟೋನ್ ಅವರನ್ನು ಕೂಡಲೇ ಬದಿಗಿರಿಸಲಾಯಿತು.

ಹೊಸ ಒಡೆಯರ ಆಲೋಚನೆ ಬೇರೆಯಿತ್ತು. ಹಿಂದೆ ಚಾಲಕರು ಪ್ಯಾಡಕ್‌ನ ಒಂದು ತುಣುಕು ವಿಡಿಯೊ ಹಾಕುವುದಕ್ಕೂ ಅಡ್ಡಿಯಿತ್ತು, ಅದು ಸಡಿಲವಾಯಿತು. 2019ರಲ್ಲಿ ನೆಟ್‌ಫ್ಲಿಕ್ಸ್‌ನ ‘ಡ್ರೈವ್ ಟು ಸರ್ವೈವ್’ ಸರಣಿ ತಂಡಗಳ ಒಳಜಗಳ, ಚಾಲಕರ ಆತಂಕಗಳನ್ನು ಮನೆಯೊಳಗೆ ತಂದಿತು. ರೇಸನ್ನೇ ನೋಡದಿದ್ದ ಯುವಜನ, ಅದರಲ್ಲೂ ಯುವತಿಯರು, ಅಭಿಮಾನಿಗಳಾದರು. ಅಮೆರಿಕದಲ್ಲಿ ಆಸ್ಟಿನ್ ಜತೆಗೆ 2022ರಲ್ಲಿ ಮಯಾಮಿ, 2023ರಲ್ಲಿ ಲಾಸ್ ವೇಗಸ್ ಸೇರಿದವು. ಲಾಸ್ ವೇಗಸ್‌ನಲ್ಲಂತೂ ಲಿಬರ್ಟಿ ತಾನೇ ಜಾಗ ಕೊಂಡು ತಾನೇ ಆಯೋಜಕನಾಯಿತು. 2017ರಲ್ಲಿ ಸುಮಾರು 178 ಕೋಟಿ ಡಾಲರ್ ಇದ್ದ ವಾರ್ಷಿಕ ಆದಾಯ 2024ರಲ್ಲಿ 340 ಕೋಟಿ ದಾಟಿತು. ಅದರಲ್ಲಿ ಸುಮಾರು 127 ಕೋಟಿ ತಂಡಗಳಿಗೆ ಹಂಚಿಕೆಯಾಯಿತು. ಆದಾಯದ ಮೂರನೇ ಒಂದರಷ್ಟು ಪ್ರಸಾರ ಹಕ್ಕಿನಿಂದ, ಅದಕ್ಕಿಂತ ತುಸು ಕಡಿಮೆ ಆಯೋಜಕರ ಶುಲ್ಕದಿಂದ, ಐದನೇ ಒಂದರಷ್ಟು ಪ್ರಾಯೋಜಕರಿಂದ ಬರುತ್ತದೆ.

ಇದಕ್ಕಿಂತ ದೊಡ್ಡ ಬದಲಾವಣೆ ಖರ್ಚಿನ ಮಿತಿ. ಮೋಸ್ಲೆ ಕಾಲದಲ್ಲಿ ತಂಡಗಳು ಒದ್ದೋಡಿಸಿದ್ದ ಅದೇ ಆಲೋಚನೆಯನ್ನು ಕೋವಿಡ್ ಸಂಕಷ್ಟ ಒಪ್ಪಿಸಿತು. 2021ರಲ್ಲಿ ವರ್ಷಕ್ಕೆ 14.5 ಕೋಟಿ ಡಾಲರ್ ಎಂದು ಮಿತಿ ಶುರುವಾಯಿತು. ಚಾಲಕರ ಸಂಬಳ, ಮೂವರು ಉನ್ನತಾಧಿಕಾರಿಗಳ ವೇತನ, ಪ್ರಚಾರದ ಖರ್ಚು ಅದರಿಂದ ಹೊರಗೆ. ಆ ವರ್ಷವೇ ಮಿತಿ ಮೀರಿದ ರೆಡ್ ಬುಲ್ ತಂಡಕ್ಕೆ 70 ಲಕ್ಷ ಡಾಲರ್ ದಂಡ ಬಿತ್ತು, ಗಾಳಿ ಸುರಂಗದ ಪರೀಕ್ಷೆಯ ಅವಧಿಯಲ್ಲೂ ಶೇ 10ರಷ್ಟು ಕಡಿತವಾಯಿತು. ಜತೆಗೆ, ಹಿಂದಿನ ವರ್ಷ ಗೆದ್ದ ತಂಡಕ್ಕೆ ಪರೀಕ್ಷೆಯ ಅವಕಾಶ ಕಡಿಮೆ, ಕೊನೆಯಲ್ಲಿದ್ದವರಿಗೆ ಹೆಚ್ಚು ಎಂಬ ನಿಯಮವೂ ಜಾರಿಗೆ ಬಂತು.

ಖರ್ಚು ಗೊತ್ತಿರುವಷ್ಟೇ, ಆದಾಯ ಏರುತ್ತಲೇ ಇರುತ್ತದೆ ಎಂದಾದಾಗ ತಂಡಗಳ ಬೆಲೆ ಗಗನಕ್ಕೇರಿತು. 2020ರಲ್ಲಿ ವಿಲಿಯಮ್ಸ್ ಕುಟುಂಬ ಕೈಸೋತು ತನ್ನ ತಂಡವನ್ನು ಅಮೆರಿಕದ ಹೂಡಿಕೆ ಸಂಸ್ಥೆಯೊಂದಕ್ಕೆ ಮಾರಿದಾಗ ಸಿಕ್ಕಿದ್ದು 15.2 ಕೋಟಿ ಯೂರೋ. ಐದೇ ವರ್ಷದ ನಂತರ, 2025ರ ನವೆಂಬರ್‌ನಲ್ಲಿ, ಮರ್ಸಿಡಿಸ್ ತಂಡದ ಸಣ್ಣ ಪಾಲು ಕೈ ಬದಲಾದಾಗ ಇಡೀ ತಂಡಕ್ಕೆ ಕಟ್ಟಿದ ಬೆಲೆ 600 ಕೋಟಿ ಡಾಲರ್. ರಾಸ್ ಬ್ರಾನ್ ಒಂದು ಪೌಂಡಿಗೆ ಕೊಂಡು, ಮರ್ಸಿಡಿಸ್‌ಗೆ ಮಾರಿದ ತಂಡವೇ ಇದು.

ಬೆಲೆ ಏರಿದ ಮೇಲೆ ಒಳಗಿದ್ದವರು ಬಾಗಿಲನ್ನು ಭದ್ರ ಮಾಡಿಕೊಂಡರು. ಹೊಸಬರು ಬಂದರೆ ಬಹುಮಾನದ ಹಣ ಹತ್ತರ ಬದಲು ಹನ್ನೊಂದು ಪಾಲಾಗುತ್ತದೆ. ಆ ನಷ್ಟಕ್ಕೆ ಪರಿಹಾರವಾಗಿ 20 ಕೋಟಿ ಡಾಲರ್ ಪ್ರವೇಶ ಶುಲ್ಕ ನಿಗದಿಯಾಗಿತ್ತು. ಅಮೆರಿಕದ ಆಂಡ್ರೆಟ್ಟಿ ತಂಡಕ್ಕೆ ಎಫ್‌ಐಎ 2023ರಲ್ಲಿ ಒಪ್ಪಿಗೆ ಕೊಟ್ಟರೂ ವಾಣಿಜ್ಯ ಕಂಪನಿ 2024ರ ಜನವರಿಯಲ್ಲಿ ತಿರಸ್ಕರಿಸಿತು. ಅಮೆರಿಕದ ಸಂಸದರು ಪ್ರಶ್ನೆ ಎತ್ತಿ, ಜನರಲ್ ಮೋಟಾರ್ಸ್ ಮುಂದಾಳತ್ವ ವಹಿಸಿದ ಮೇಲಷ್ಟೇ ಕ್ಯಾಡಿಲಾಕ್ ಹೆಸರಿನಲ್ಲಿ ಹನ್ನೊಂದನೇ ತಂಡಕ್ಕೆ 2026ರಿಂದ ಜಾಗ ಸಿಕ್ಕಿತು. ಪ್ರವೇಶ ಶುಲ್ಕ 45 ಕೋಟಿ ಡಾಲರಿಗೆ ಏರಿತ್ತು ಎಂದು ವರದಿಯಾಗಿದೆ. ಯಾರು ರೇಸಿಗೆ ಅರ್ಹರು ಎಂಬ ಪ್ರಶ್ನೆಗೂ ಕೊನೆಯ ಉತ್ತರ ಕೊಡುವುದು ನಿಯಮದ ಯಜಮಾನನಲ್ಲ, ಹಕ್ಕಿನ ಯಜಮಾನ ಎಂಬುದು ಇಲ್ಲಿ ಬಯಲಾಯಿತು.

ತೈಲದ ನಾಡುಗಳು, ಹಳೆಯ ಊರುಗಳು

ಆಯೋಜಕರ ಶುಲ್ಕಕ್ಕೆ ಸರ್ಕಾರದ ಖಜಾನೆ ಬೇಕು ಎಂದಮೇಲೆ ರೇಸುಗಳು ಖಜಾನೆಯಿದ್ದಲ್ಲಿಗೆ ಹೋದವು. 2004ರಲ್ಲಿ ಬಹರೇನ್, 2009ರಲ್ಲಿ ಅಬುಧಾಬಿ, 2021ರಲ್ಲಿ ಸೌದಿ ಅರೇಬಿಯಾ ಮತ್ತು ಕತಾರ್. ಸೌದಿಯ ತೈಲ ಕಂಪನಿ ಅರಾಮ್ಕೊ ಇಡೀ ಕ್ರೀಡೆಯ ಪ್ರಾಯೋಜಕ. ಬಹರೇನ್ ಸರ್ಕಾರದ ನಿಧಿ ಮೆಕ್ಲಾರೆನ್ ತಂಡದ ಪ್ರಮುಖ ಒಡೆಯ. ಅತ್ತ ಶೂಮಾಕರ್, ವೆಟೆಲ್ ಅವರ ಜರ್ಮನಿಯಲ್ಲಿ 2020ರ ನಂತರ, ಗ್ರ್ಯಾನ್ ಪ್ರಿ ಎಂಬ ಹೆಸರನ್ನೇ ಕೊಟ್ಟ ಫ್ರಾನ್ಸಿನಲ್ಲಿ 2022ರ ನಂತರ ರೇಸು ನಡೆದಿಲ್ಲ.

ಈ ಹಣದ ಬೆಲೆ ಏನೆಂಬುದು 2022ರ ಮಾರ್ಚ್‌ನಲ್ಲಿ ಜೆಡ್ಡಾದಲ್ಲಿ ಕಣ್ಣಿಗೆ ಕಂಡಿತು. ಅಭ್ಯಾಸ ನಡೆಯುತ್ತಿದ್ದಾಗಲೇ ಸರ್ಕ್ಯೂಟ್‌ನಿಂದ ಕೆಲವೇ ಮೈಲಿ ದೂರದ ಅರಾಮ್ಕೊ ಘಟಕದ ಮೇಲೆ ಯೆಮೆನ್‌ನ ಹೂತಿಗಳ ದಾಳಿ ನಡೆದು ದಟ್ಟ ಹೊಗೆ ಎದ್ದಿತು. ಚಾಲಕರು ಮಧ್ಯರಾತ್ರಿ ಮೀರುವವರೆಗೂ ಗಂಟೆಗಟ್ಟಲೆ ಕೂತು ಓಡಿಸಬೇಕೇ ಬೇಡವೇ ಎಂದು ಚರ್ಚಿಸಿದರು. ಭಾನುವಾರ ರೇಸು ನಡೆದೇ ನಡೆಯಿತು. ಜೀವ ಪಣಕ್ಕಿಡುವ ಚಾಲಕರ ಮಾತಿಗೆ ಈ ಉದ್ಯಮದಲ್ಲಿ ಎಷ್ಟು ತೂಕ ಎಂಬುದನ್ನು ಆ ರಾತ್ರಿ ಹೇಳಿತು.

ಚಾಲಕರಾಗುವ ದಾರಿ

ಮೇಲೆ ಕೋಟಿಗಳು ಹರಿದರೂ ಕೆಳಗಿನ ಮೆಟ್ಟಿಲುಗಳ ಖರ್ಚು ಕುಟುಂಬಗಳದ್ದೇ. ಏಳೆಂಟು ವರ್ಷದ ಮಗು ಕಾರ್ಟಿಂಗ್ ಶುರುಮಾಡಬೇಕು, ಹದಿಹರೆಯದಲ್ಲಿ ಯುರೋಪಿಗೆ ಹೋಗಬೇಕು, ಫಾರ್ಮುಲಾ 4, 3, 2 ದಾಟಬೇಕು. ಒಂದೊಂದು ಮೆಟ್ಟಿಲಿಗೂ ವರ್ಷಕ್ಕೆ ಲಕ್ಷಾಂತರ ಯೂರೋ ಬೇಕು. 2005ರಲ್ಲಿ ಜೋರ್ಡನ್ ತಂಡಕ್ಕೆ ಓಡಿಸಿದ ನರೇನ್ ಕಾರ್ತಿಕೇಯನ್, 2010ರಲ್ಲಿ ಎಚ್‌ಆರ್‌ಟಿ ತಂಡಕ್ಕೆ ಓಡಿಸಿದ ಕರುಣ್ ಚಂದೋಕ್ ಬಿಟ್ಟರೆ ಭಾರತದ ಬೇರೆ ಯಾರೂ ಈವರೆಗೆ ಫಾರ್ಮುಲಾ ಒನ್ ರೇಸಿನಲ್ಲಿ ಓಡಿಲ್ಲ. ಭಾರತೀಯ ಒಡೆತನದ ಫೋರ್ಸ್ ಇಂಡಿಯಾ ಹತ್ತು ವರ್ಷಗಳಲ್ಲಿ ಒಬ್ಬ ಭಾರತೀಯನನ್ನೂ ರೇಸಿಗೆ ಇಳಿಸಲಿಲ್ಲ. ಬೆಂಗಳೂರಿನ ಅರ್ಜುನ್ ಮೈನಿ ಫಾರ್ಮುಲಾ 2ರವರೆಗೆ ಏರಿ ಬೇರೆ ರೇಸುಗಳತ್ತ ಹೊರಳಿದರು. ಅವರ ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸು ಗೆದ್ದರು. ಅಂಥ ಗೆಲುವೂ ಮೇಲಿನ ಮೆಟ್ಟಿಲಿನ ಭರವಸೆ ಕೊಡುವುದಿಲ್ಲ, ಏಕೆಂದರೆ ಇಡೀ ಜಗತ್ತಿಗೆ ಇರುವುದು ಇಪ್ಪತ್ತೆರಡೇ ಆಸನ.

ಒಟ್ಟಿನಲ್ಲಿ ಲಿಬರ್ಟಿ ಕಾಲದ ಫಾರ್ಮುಲಾ ಒನ್ ಹಿಂದಿಗಿಂತ ಗಟ್ಟಿಯಾಗಿದೆ. ಖರ್ಚಿನ ಮಿತಿಯಿಂದ ಸಣ್ಣ ತಂಡಗಳು ಉಳಿದುಕೊಂಡಿವೆ, ಪೈಪೋಟಿ ಹೆಚ್ಚಿದೆ. ಇದು ನಿಜವಾದ ಒಳಿತು. ಆದರೆ ಲಾಭ ಸೇರಿರುವುದು ಹಕ್ಕಿನ ಒಡೆಯರಿಗೆ ಮತ್ತು ತಂಡಗಳ ಒಡೆಯರಿಗೆ. ಟಿಕೆಟ್ ಕೊಳ್ಳುವ ಪ್ರೇಕ್ಷಕರು, ಶುಲ್ಕ ತೆರುವ ಊರುಗಳು, ಮನೆ ಅಡವಿಟ್ಟು ಮಕ್ಕಳನ್ನು ಕಾರ್ಟಿಂಗ್‌ಗೆ ಕಳಿಸುವ ಹೆತ್ತವರು ಆ ಲೆಕ್ಕದ ಹೊರಗಿದ್ದಾರೆ. ಭಾರತಕ್ಕೆ ಫಾರ್ಮುಲಾ ಒನ್ ಮತ್ತೆ ಬರಲಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಬರಲಿ. ಆದರೆ ಸಹಿ ಹಾಕುವ ಮುನ್ನ ಯಾವ ಆದಾಯ ಯಾರಿಗೆ ಎಂಬುದನ್ನು ಸಾಲುಸಾಲಾಗಿ ಓದಬೇಕು, ಸಾರ್ವಜನಿಕರ ಹಣ ಹೋಗುವುದಾದರೆ ಅದರಲ್ಲಿ ಒಂದು ಪಾಲು ನಮ್ಮ ಮಕ್ಕಳ ಕಾರ್ಟಿಂಗ್ ಟ್ರ್ಯಾಕ್‌ಗಳಿಗೆ ಮೀಸಲಾಗಬೇಕು. ಅಷ್ಟನ್ನು ಕೇಳಿ ಪಡೆಯಲಾಗದಿದ್ದರೆ ಗ್ರೇಟರ್ ನೋಯ್ಡಾದ ಮೂರು ವರ್ಷಗಳಿಂದ ದೇಶ ಏನನ್ನೂ ಕಲಿಯಲಿಲ್ಲ ಎಂದೇ ಅರ್ಥ.